ವಿಮಾನ ಚಾಲಕನ ಉದ್ಯೋಗ: ಸಂಬಳ, ದುಡಿಮೆ, ಭದ್ರತೆ

ಕೆ.ಜಿ.ಎಫ್., ಬಂಗಾರಪೇಟೆ ಕಡೆಯ ವಿದ್ಯಾರ್ಥಿಗಳಿಗೆ ‘ಪೈಲಟ್’ ಎಂಬ ಮಾತು ಎರಡು ಬಗೆಯಲ್ಲಿ ಪರಿಚಿತ. ಒಂದು, ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ನಡೆಸುವ ಲೋಕೋ ಪೈಲಟ್. ಇನ್ನೊಂದು, ವಿಮಾನದ ಪೈಲಟ್. ಎರಡೂ ಹೊಣೆಯ ಕೆಲಸಗಳೇ. ಆದರೆ ರೈಲ್ವೆಯು ಮೊದಲು ಆಯ್ಕೆ ಮಾಡಿ, ಆಮೇಲೆ ತನ್ನ ಖರ್ಚಿನಲ್ಲಿ ತರಬೇತಿ ಕೊಡುತ್ತದೆ. ವಿಮಾನ ಚಾಲಕರಾಗುವವರು ಸಾಮಾನ್ಯವಾಗಿ ಮೊದಲು ತಮ್ಮ ಹಣದಿಂದ ಕಲಿತು, ಆಮೇಲೆ ಕೆಲಸ ಹುಡುಕಬೇಕು. ಸಂಬಳದ ಲೆಕ್ಕ ಹಾಕುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಕಲಿಕೆಯ ದಾರಿ

ವಾಣಿಜ್ಯ ಚಾಲಕರ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಮಾಡಿರಬೇಕು. ಹವಾಮಾನ, ಪಥನಿರ್ಣಯ, ವಾಯುಯಾನ ನಿಯಮ ಮುಂತಾದ ವಿಷಯಗಳಲ್ಲಿ ಪರೀಕ್ಷೆಗಳಿವೆ. ಪಿಯುಸಿಯ ಭೌತಶಾಸ್ತ್ರ ಮತ್ತು ಗಣಿತ ಇವಕ್ಕೆ ತಳಹದಿ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಎಲ್ಲಿ ಕಲಿತರೂ ಖರ್ಚು ಹತ್ತಾರು ಲಕ್ಷ ರೂಪಾಯಿ. ಪರವಾನಗಿ ಬಂದ ಮೇಲೆ, ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ಒಂದು ನಿರ್ದಿಷ್ಟ ವಿಮಾನಕ್ಕೆ ಬೇರೆ ತರಬೇತಿ, ಬೇರೆ ಖರ್ಚು.

ಸಂಬಳ ಹೇಗೆ ಏರುತ್ತದೆ?

ಮೊದಲ ಹುದ್ದೆ ಸಹಚಾಲಕನದು. ಅನುಭವ ಹೆಚ್ಚಿದಂತೆ 1,500 ಗಂಟೆ ಹಾರಾಟ ಮತ್ತು ಮೇಲಿನ ಪರೀಕ್ಷೆಗಳನ್ನು ಮುಗಿಸಿ ಉನ್ನತ ಪರವಾನಗಿ ಪಡೆಯಬಹುದು. ಕ್ಯಾಪ್ಟನ್ ಹುದ್ದೆ ಇದರ ಮುಂದಿನ ಮೆಟ್ಟಿಲು. ಕ್ಯಾಪ್ಟನ್ನರ ತಿಂಗಳ ಸಂಬಳ ಹಲವು ಲಕ್ಷ. ಸಹಚಾಲಕರದು ಅದಕ್ಕಿಂತ ಬಹಳ ಕಡಿಮೆ. ಸಂಬಳದ ಒಂದು ಭಾಗ ಹಾರಿದ ಗಂಟೆಗಳನ್ನು ಅವಲಂಬಿಸಿರುತ್ತದೆ. ವಿಮಾನಗಳು ನೆಲದಲ್ಲೇ ನಿಂತರೆ ಆ ಭಾಗವೂ ಇಳಿಯುತ್ತದೆ.

ದುಡಿಮೆ ಮತ್ತು ವಿಶ್ರಾಂತಿ

ಚಾಲಕರು ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಇದು ಕಡಿಮೆ ಎನಿಸಬಹುದು. ಆದರೆ ಹಾರಾಟಕ್ಕೆ ಮುಂಚಿನ ಸಿದ್ಧತೆ, ನಿಲ್ದಾಣಗಳಲ್ಲಿ ಕಾಯುವುದು ಇದರಲ್ಲಿ ಸೇರಿಲ್ಲ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ದೇಹ ನಿದ್ರೆ ಬೇಡುತ್ತದೆ. ಆ ಹೊತ್ತಿನಲ್ಲಿ ಗಮನ ಮಂಕಾಗುತ್ತದೆ. ಆದ್ದರಿಂದ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ಇಳಿಸುವಿಕೆಗಳನ್ನು ಮಿತಗೊಳಿಸುವ ನಿಯಮಗಳು 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಅದೇ ಡಿಸೆಂಬರಿನಲ್ಲಿ ಇಂಡಿಗೋ ಸಂಸ್ಥೆ ಹೊಸ ನಿಯಮಕ್ಕೆ ತಕ್ಕಷ್ಟು ಚಾಲಕರನ್ನು ಹೊಂದಿಸಲಾರದೆ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಸರ್ಕಾರ ಅದಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಚಾಲಕನ ನಿದ್ರೆ ಪ್ರಯಾಣಿಕರ ಸುರಕ್ಷತೆಯ ವಿಷಯವೂ ಹೌದು.

ಭದ್ರತೆ ಎಷ್ಟು?

ಒಂದೇ ಸಂಸ್ಥೆಯನ್ನು ನಂಬಿದ ಊರಿನ ಪಾಡು ಏನೆಂದು ಕೆ.ಜಿ.ಎಫ್.ನವರಿಗೆ ಬೇರೆಯವರು ಹೇಳಬೇಕಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಆಳದ ಸುರಂಗಗಳಲ್ಲಿ ಪಳಗಿದ ಕೈಗಳಿಗೆ ಅಲ್ಲಿ ಕೆಲಸವಿಲ್ಲವಾಯಿತು. ವಿಮಾನ ಸಂಸ್ಥೆಗಳೂ ಮುಚ್ಚುತ್ತವೆ. ಕಿಂಗ್‌ಫಿಷರ್ 2012ರಲ್ಲಿ, ಚಾಲಕರೂ ಸೇರಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿದ್ದಾಗ, ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು. ಚಾಲಕನ ಪರವಾನಗಿ ಬೇರೆ ಸಂಸ್ಥೆಯಲ್ಲೂ ನಡೆಯುತ್ತದೆ ಎಂಬುದು ಸಮಾಧಾನದ ಮಾತು. ಆದರೆ ಹೊಸ ಕೆಲಸ ಸಿಗುವವರೆಗೆ ಸಾಲದ ಕಂತು ಕಾಯುವುದಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾದರಂತೂ ಪರವಾನಗಿ ಇದ್ದೂ ಹಾರುವಂತಿಲ್ಲ.

ಆಸಕ್ತರು ಏನು ಮಾಡಬೇಕು?

ಮನೆ, ಜಮೀನು ಅಡವಿಡುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ಕಣ್ಣು, ಕಿವಿ, ಹೃದಯ ಎಲ್ಲವೂ ಅದರಲ್ಲಿ ಸೇರಿವೆ. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದಕ್ಕೆ ಹೆಸರಾದದ್ದು. ತರಬೇತಿ ಶಾಲೆಯನ್ನು ಆರಿಸುವಾಗ ಅದರ ಎಷ್ಟು ವಿಮಾನಗಳು ದಿನವೂ ಹಾರುತ್ತವೆ, 200 ಗಂಟೆ ಮುಗಿಸಲು ಹಿಂದಿನವರಿಗೆ ಎಷ್ಟು ಕಾಲ ಹಿಡಿಯಿತು ಎಂದು ಅಲ್ಲಿ ಕಲಿಯುತ್ತಿರುವವರನ್ನೇ ಕೇಳಿ. ಜೊತೆಗೆ ಒಂದು ಪದವಿಯನ್ನೂ ಮುಗಿಸಿಕೊಳ್ಳಿ. ಕೆಲಸಕ್ಕಾಗಿ ಕಾಯುವ ದಿನಗಳಲ್ಲಿ ಅದು ನಿಮ್ಮ ಕೈಹಿಡಿಯುತ್ತದೆ.