ಮುಂದಿನ ಗಾಲಿಯ ಗುಡುಗುಡು: ಮೂಲ ಎಲ್ಲಿ?

ಯಳಂದೂರು ತಾಲ್ಲೂಕಿನ ಅಗರದಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೀರಿ ಎನ್ನೋಣ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹರಿಯುವ ‘ಫೋರ್ ವೀಲ್ ಡ್ರೈವ್’ ವ್ಯಾನು. ವೇಗ ಏರಿದಂತೆ ಮುಂಭಾಗದಿಂದ ಬೀಸುಕಲ್ಲು ತಿರುಗಿದಂಥ ಸದ್ದು. ಗುಂಬಳ್ಳಿ ಕಳೆದರೆ ಘಟ್ಟ. ಮುಂದುವರಿಯಬಹುದೇ? ಸದ್ದು ಸವೆದ ಟೈರಿನದಾದರೆ ನಿಧಾನವಾಗಿ ಹೋಗಿಬರಬಹುದು. ಗಾಲಿಯ ಬೇರಿಂಗಿನದಾದರೆ, ಇಳಿಜಾರಿನ ತಿರುವಿನಲ್ಲಿ ಗಾಲಿ ಬಿಗಿದುಕೊಳ್ಳುವ, ಕಳಚಿಕೊಳ್ಳುವ ಅಪಾಯವೂ ಉಂಟು.

ಮೊದಲು ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ನೋಡಿ. ಎಂಜಿನ್ನಿನ ಓಟ ಇಳಿದರೂ ಸದ್ದು ಹಾಗೆಯೇ ಉಳಿದರೆ ಎಂಜಿನ್ ನಿರ್ದೋಷಿ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಟೈರಿನ ಸುತ್ತಳತೆ 2.2 ಮೀಟರ್ ಇದ್ದರೆ ಗಾಲಿ ಸೆಕೆಂಡಿಗೆ 5 ಸುತ್ತು ಹಾಕುತ್ತದೆ. ಟೈರಿನ ಒಂದೇ ಕಡೆ ಉಬ್ಬಿದ್ದರೆ ಆ 5 ಬಡಿತಗಳು ಬಿಡಿಬಿಡಿಯಾಗಿ ಕೇಳುತ್ತವೆ. ಬೇರಿಂಗಿನ ಕತೆ ಬೇರೆ. ಅದರ ಹೊರಬಳೆಯಲ್ಲಿ ಒಂದು ಗುಳಿ ಬಿದ್ದರೆ ಪ್ರತಿ ಉರುಳೆಯೂ ಅದರ ಮೇಲೆ ಹಾಯುವಾಗ ಬಡಿಯುತ್ತದೆ. ಗಾಲಿಯ ಒಂದು ಸುತ್ತಿಗೆ ಆಗುವ ಬಡಿತಗಳು ಉರುಳೆಗಳ ಸಂಖ್ಯೆಯ ಸುಮಾರು 0.4 ಪಟ್ಟು. 16 ಉರುಳೆಗಳಿದ್ದರೆ ಸೆಕೆಂಡಿಗೆ 32 ಬಡಿತ! ಕಿವಿಗೆ ಅವು ಬೇರೆಬೇರೆಯಾಗಿ ಸಿಗದೆ ಒಂದೇ ಗುಡುಗಾಗಿ ಬೆರೆಯುತ್ತವೆ.

ಈಗ ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ವಾಹನದ ಭಾರ ಬಲಗಾಲಿಯ ಮೇಲೆ ವಾಲುತ್ತದೆ. ಸದ್ದು ಹೆಚ್ಚಾದರೆ ಬಲಗಡೆಯ ಬೇರಿಂಗನ್ನು ಸಂಶಯಿಸಿ. ಬಲಕ್ಕೆ ತಿರುಗಿಸಿದಾಗ ಹೆಚ್ಚಾದರೆ ಎಡಗಡೆಯದನ್ನು. ಟಾರು ರಸ್ತೆಯಿಂದ ಮಣ್ಣಿನ ದಾರಿಗೆ ಇಳಿದೊಡನೆ ಸದ್ದಿನ ಸ್ವರ ಬದಲಾದರೆ ಅದು ಬಹುಪಾಲು ಟೈರಿನದು. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿ ನೋಡಿ, ಸದ್ದೂ ಹಿಂದಕ್ಕೆ ಹೋದರೆ ಅನುಮಾನವೇ ಬೇಡ.

ಫೋರ್ ವೀಲ್ ಡ್ರೈವ್‌ನಲ್ಲಿ ಇನ್ನೊಬ್ಬ ಆರೋಪಿಯಿದ್ದಾನೆ: ಮುಂದಿನ ಡಿಫರೆನ್ಶಿಯಲ್ ಮತ್ತು ಅದಕ್ಕೆ ಶಕ್ತಿ ಒಯ್ಯುವ ಶಾಫ್ಟು. ‘ಟೂ ವೀಲ್’ಗೆ ಹಾಕಿದ್ದೇನಲ್ಲ, ಅವು ನಿಂತಿರುತ್ತವೆ ಎಂದು ಹಲವರು ತಿಳಿಯುತ್ತಾರೆ. ಅನೇಕ ವಾಹನಗಳಲ್ಲಿ ಹಾಗಲ್ಲ. ಗಾಲಿಗಳೇ ಅವನ್ನು ತಿರುಗಿಸುತ್ತಿರುತ್ತವೆ. ಆದರೆ ಮುಂದಿನ ಗಾಲಿಗಳ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಇದ್ದರೆ ನೀವು ಅದೃಷ್ಟವಂತರು. ಟೂ ವೀಲ್‌ನಲ್ಲಿಟ್ಟು, ಎರಡೂ ಲಾಕ್ ಬಿಡಿಸಿ ಓಡಿಸಿ. ಸದ್ದು ನಿಂತರೆ ದೋಷ ಒಳಗಿನ ಗೇರು, ಶಾಫ್ಟುಗಳಲ್ಲಿ. ನಿಲ್ಲದಿದ್ದರೆ ಟೈರು, ಬೇರಿಂಗುಗಳತ್ತ ನೋಡಿ. ಪಾನ ಹಿಡಿಯದೆ ಅರ್ಧ ಪತ್ತೆದಾರಿ ಮುಗಿಯಿತು.

ಮುಂದಿನದಕ್ಕೆ ಜಾಕ್ ಬೇಕು. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಎತ್ತಿದ ಕಡೆ ಗಟ್ಟಿಯಾದ ಸ್ಟ್ಯಾಂಡ್ ಇಡಿ. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ. ಆಡುತ್ತಿದ್ದರೆ ಜೊತೆಯವರಿಗೆ ಬ್ರೇಕ್ ತುಳಿಯಲು ಹೇಳಿ. ಆಟ ನಿಂತರೆ ಬೇರಿಂಗ್ ಸಡಿಲ. ಆಗಲೂ ಆಡಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎರಡರಲ್ಲಿ ಯಾವುದಾದರೂ ಸರಿ, ಅಂದು ಬೆಟ್ಟ ಹತ್ತಬೇಡಿ.

ಬೇರಿಂಗ್ ಅಕಾಲದಲ್ಲಿ ಕೆಡುವುದೇಕೆ? ದೂರ ಓಡಿ ಬಿಸಿಯಾದ ಹಬ್ಬನ್ನು ಸುವರ್ಣಾವತಿಯಂಥ ಹೊಳೆಯ ನೀರಿಗೆ ಇಳಿಸಿದಾಗ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಸವೆದ ಸೀಲಿನ ಸಂದಿನಿಂದ ಆಗ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸ್ ಬೆಳ್ಳಗಾಗಿದ್ದರೆ, ಡಿಫರೆನ್ಶಿಯಲ್ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದೇ ಅರ್ಥ.

ಹೊಸ ಬೇರಿಂಗ್ ಹಾಕಿಸಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಎರಡೂ ಹಬ್ಬುಗಳನ್ನು ಹುಷಾರಾಗಿ ಮುಟ್ಟಿ ಹೋಲಿಸಿ. ಉಗುರುಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ಟು ಬಿಗಿಯಾಗಿರಬಹುದು, ಹಿಂತಿರುಗಿ ಸರಿಪಡಿಸಿಕೊಳ್ಳಿ.