ಕಿರಿಯ ಮಕ್ಕಳ ವಸತಿನಿಲಯವನ್ನು ನಡೆಸುವ ಬಗೆ

ಪಾಠಶಾಲೆಯೆಂದರೆ ಬೆಳಿಗ್ಗೆ ಬಾಗಿಲು ತೆರೆದು ಸಂಜೆಗೆ ಮುಚ್ಚುವ ಸ್ಥಳವೆಂಬುದು ಸಾಮಾನ್ಯರ ತಿಳಿವಳಿಕೆ. ಆದರೆ ಮನೆಯಿಂದ ದೂರವಿದ್ದು ಕಲಿಯುವ ಎಂಟು ಹತ್ತು ವರ್ಷದ ಮಗುವಿಗೆ ಶಾಲೆ ಮುಚ್ಚಿದ ಮೇಲೆಯೂ ದಿನದ ಹೆಚ್ಚಿನ ಭಾಗ ಉಳಿದೇ ಇರುತ್ತದೆ. ಪಾಠ ಹೇಳುವ ಕ್ರಮದ ಬಗೆಗೆ ಪುಸ್ತಕಗಳು ಬೇಕಾದಷ್ಟಿವೆ. ಸಂಜೆ ಆರರಿಂದ ಬೆಳಗಿನ ಆರರವರೆಗೆ ಮಕ್ಕಳನ್ನು ನೋಡಿಕೊಳ್ಳುವ ಕ್ರಮದ ಬಗೆಗೆ ಬರೆದವರು ಕಡಿಮೆ. ಈ ಹನ್ನೆರಡು ಗಂಟೆಗಳು ಕೆಟ್ಟರೆ ಹಗಲಿನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇನೆ.

ಬರೆಯಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ವಾಡಿಯ ಸಮೀಪದ ಒಂದು ಖಾಸಗಿ ಶಾಲೆಯ ನಿಲಯದಲ್ಲಿ, ಮೂರರಿಂದ ಏಳನೆಯ ತರಗತಿಯವರೆಗಿನ ನಲವತ್ತು ಹುಡುಗರೊಡನೆ, ಎರಡು ವರ್ಷಗಳಿಂದ ನಾನು ರಾತ್ರಿಯ ಮೇಲ್ವಿಚಾರಕನಾಗಿದ್ದೇನೆ. ಊಟ ವಸತಿಗಳ ಜೊತೆಗೆ ಕಾಲೇಜಿನ ಖರ್ಚಿಗಾಗುವಷ್ಟು ಸಂಬಳ ಸಿಗುತ್ತದೆ. ನಮ್ಮ ತಂದೆಯವರು ಪರಸಿ ಕಲ್ಲಿನ ಖಣಿಯಲ್ಲಿ ಕೆಲಸಗಾರರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ನಾನೂ ನಿಲಯದ ಅನ್ನ ಉಂಡು ಬೆಳೆದವನು.

ವಿದ್ಯಾರ್ಥಿಗಳಿಗೆ ಅನ್ನವಿಟ್ಟು ಓದಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಚಿತ್ತಾಪುರಕ್ಕೆ ಹೊಂದಿಕೊಂಡಿರುವ ನಾಗಾವಿಯಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಒಂದು ಘಟಿಕಾಸ್ಥಾನವಿತ್ತು. 1058ರ ಶಾಸನದ ಪ್ರಕಾರ ಅಲ್ಲಿ ಇನ್ನೂರು ವೇದಾಧ್ಯಾಯಿಗಳೂ ಸುಮಾರು ಐವತ್ತು ಶಾಸ್ತ್ರ ವಿದ್ಯಾರ್ಥಿಗಳೂ ಇದ್ದರು. ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರು. ಇಷ್ಟು ಜನರ ನಿರ್ವಾಹಕ್ಕೆ ದತ್ತಿ ಬಿಟ್ಟಿದ್ದರು. ಆದರೆ ಆ ವಿದ್ಯೆ ಎಲ್ಲ ಜಾತಿಯ ಮಕ್ಕಳಿಗೂ ದೊರೆಯತಕ್ಕದ್ದಾಗಿರಲಿಲ್ಲ. ಆ ಬಾಗಿಲನ್ನು ತೆರೆಯುವುದಕ್ಕೆ ಎಂಟು ಶತಮಾನಗಳೇ ಬೇಕಾದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ವರ್ಗಗಳ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಮೊದಲ್ಗೊಂಡು ಒಂದೊಂದು ಸಮಾಜದ ಮಕ್ಕಳಿಗೆಂದು ಬೋರ್ಡಿಂಗುಗಳನ್ನು ತೆರೆಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದುದನ್ನು ನಾಡೆಲ್ಲ ಬಲ್ಲದು. ಕರ್ನಾಟಕ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು 1996-97ರಲ್ಲಿ ಆರಂಭವಾದವು. ಆದರೆ ಅವುಗಳಿಗೆ ಪ್ರವೇಶವಿರುವುದು ಆರನೆಯ ತರಗತಿಯಿಂದ. ಅದಕ್ಕಿಂತ ಚಿಕ್ಕ ಮಕ್ಕಳ ಪೈಕಿ ಹಲವರು ನಮ್ಮಂಥ ಸಣ್ಣ ನಿಲಯಗಳಿಗೆ ಬರುತ್ತಾರೆ.

ಇಷ್ಟು ಚಿಕ್ಕವರನ್ನು ತಾಯಿತಂದೆಗಳಿಂದ ಅಗಲಿಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಭಾಗದಲ್ಲಿ ತೊಗರಿಯ ರಾಶಿ ಮುಗಿಯಿತೆಂದರೆ ಎಷ್ಟೋ ಕುಟುಂಬಗಳು ಗಂಟು ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತವೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗು ಜೊತೆಗೆ ಹೋದರೆ ಶಾಲೆ ಬಿಡುತ್ತದೆ. ಊರಲ್ಲಿ ಮುದುಕಿ ಅಜ್ಜಿಯ ಹತ್ತಿರ ಬಿಟ್ಟರೆ ದನ ಕಾಯುತ್ತದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಕಾಯಿದೆ ಸಾರಿದೆ. ಆ ಹಕ್ಕು ಈ ಮಕ್ಕಳ ಕೈಸೇರಬೇಕಾದರೆ ರಾತ್ರಿ ಮಲಗಲು ಒಂದು ಜಾಗವೂ, ಎಚ್ಚರವಾದಾಗ ಮಾತನಾಡಿಸುವ ಒಬ್ಬ ಮನುಷ್ಯನೂ ಬೇಕು.

ಇನ್ನು ನಡೆಸುವ ಬಗೆಯನ್ನು ಹೇಳುವೆನು.

ಮೊದಲನೆಯದು, ಹೊಸ ಮಗುವಿನ ಮೊದಲ ಹದಿನೈದು ದಿನ. ಹಗಲಲ್ಲಿ ಆಡಿಕೊಂಡಿದ್ದ ಮಗು ದೀಪ ಹಚ್ಚುವ ಹೊತ್ತಿಗೆ ಅಳಲು ತೊಡಗುತ್ತದೆ. ಆಗ ‘ಅಳಬೇಡ’ ಎಂದು ಹೇಳಿ ಫಲವಿಲ್ಲ. ಒಂದು ಕೆಲಸ ಕೊಡಬೇಕು. ತಾಟುಗಳನ್ನು ಎಣಿಸುವುದು, ಗಿಡಗಳಿಗೆ ನೀರು ಹಾಕುವುದು, ಗಂಟೆ ಬಾರಿಸುವುದು ಇವೆಲ್ಲ ನಾನು ಪ್ರಯೋಗಿಸಿ ನೋಡಿದ ಔಷಧಗಳು. ಹಾಸಿಗೆಯನ್ನು ಅದರ ಊರಿನದೇ ಹುಡುಗನ ಪಕ್ಕದಲ್ಲಿ ಹಾಕಬೇಕು. ಎಲ್ಲಕ್ಕೂ ಮಿಗಿಲಾಗಿ, ಬಿಟ್ಟುಹೋಗುವ ತಾಯಿತಂದೆಗಳು ಸುಳ್ಳು ಹೇಳದಂತೆ ನೋಡಿಕೊಳ್ಳಬೇಕು. “ಸಂಜಿಗಿ ಬರ್ತೀನಂತ ಹೇಳಿ ಹೋಗ್ತೀನಿ ತಮ್ಮಾ, ಇಲ್ಲಂದ್ರ ನನ್ನ ಬಿಡಂಗಿಲ್ಲ ಅಂವ” ಎಂದು ಒಬ್ಬ ತಂದೆ ನನಗೆ ಹೇಳಿದರು. “ಬ್ಯಾಡ್ರಿ ಕಾಕಾ, ಪಂಚಮಿಗಿ ಬರ್ತೀನಂತ ಖರೇನೇ ಹೇಳ್ರಿ” ಎಂದೆ. ಹುಡುಗ ಆ ದಿನ ಬಹಳ ಅತ್ತ. ಆದರೆ ಮರುದಿನದಿಂದ ಗೇಟಿನ ಬಳಿ ಕಾಯುತ್ತ ನಿಲ್ಲಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಪಂಚಮಿಗೆ ಎಷ್ಟು ದಿನವೆಂದು ಎಣಿಸಲು ಕಲಿತ.

ಎರಡನೆಯದು, ಭಾಷೆ. ನಮ್ಮ ನಿಲಯದಲ್ಲಿ ತಾಂಡಾದ ಮಕ್ಕಳು ಲಂಬಾಣಿ ಆಡುತ್ತಾರೆ; ಸೇಡಂ, ಚಿಂಚೋಳಿಗಳ ಗಡಿಯ ಕಡೆಯ ಕೆಲವರು ತೆಲುಗು ಆಡುತ್ತಾರೆ; ಶಹಾಬಾದಿನ ಕೆಲವರದು ದಖನಿ ಉರ್ದು. ಹಗಲು ಎಲ್ಲರೂ ಕನ್ನಡ ಆಡಿದರೂ ಜ್ವರ ಬಂದಾಗ ಮಗು ಕೂಗುವುದು ತನ್ನ ಮನೆಯ ಮಾತಿನಲ್ಲಿಯೇ. ಒಬ್ಬ ‘ಯಾಡಿ’ ಎಂದರೆ ಇನ್ನೊಬ್ಬ ‘ಅಮ್ಮೀ’ ಎನ್ನುವನು. ‘ಹೊಟ್ಟಿ ನೋಯ್ತದ’ ಎಂಬುದನ್ನೂ ‘ಕಡುಪು ನೊಪ್ಪಿ’ ಎಂಬುದನ್ನೂ ‘ಪೇಟ್ ದುಖ್ರಾ’ ಎಂಬುದನ್ನೂ ಮೇಲ್ವಿಚಾರಕನು ತಿಳಿದಿರಬೇಕು. ಇದಕ್ಕೆ ಪಾಂಡಿತ್ಯ ಬೇಡ, ಕಿವಿ ಸಾಕು.

ಮೂರನೆಯದು, ಊಟ. ಅನ್ನ ಬೇಯಿಸುವುದು ಸುಲಭ. ಆದರೆ ನಮ್ಮ ಮಕ್ಕಳಿಗೆ ರೊಟ್ಟಿ ಬೇಕು. ನಲವತ್ತು ಮಕ್ಕಳಿಗೆ ತಲೆಗೆ ಎರಡರಂತೆ ಎಂಬತ್ತು ರೊಟ್ಟಿ. ಅಡುಗೆಯವಳೊಬ್ಬಳು ಗಂಟೆಗೆ ಮೂವತ್ತು ಬಡಿದರೂ ಎರಡೂವರೆ ಗಂಟೆಯ ಮೇಲಾಗುತ್ತದೆ. ಆದ್ದರಿಂದ ನಮ್ಮಲ್ಲಿ ಬೆಳಿಗ್ಗೆ ಅನ್ನ, ರಾತ್ರಿ ರೊಟ್ಟಿ ಎಂದು ಗೊತ್ತುಮಾಡಿದ್ದೇವೆ. ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾದ ಹಿಂಡಿ ಇದ್ದರೆ ಮಕ್ಕಳು ಬೇರೇನೂ ಕೇಳುವುದಿಲ್ಲ. ಮೂರು ನಿಯಮಗಳು ಮುಖ್ಯ: ಅತಿ ಚಿಕ್ಕವನಿಗೆ ಮೊದಲು ಬಡಿಸತಕ್ಕದ್ದು, ಮೇಲ್ವಿಚಾರಕನು ಅದೇ ಅಡುಗೆಯನ್ನು ಕೊನೆಗೆ ಉಣ್ಣತಕ್ಕದ್ದು, ಉಗ್ರಾಣದಿಂದ ತೆಗೆದ ಜೋಳ, ಬೇಳೆಗಳನ್ನು ಅಳೆದ ಕೂಡಲೆ ವಹಿಯಲ್ಲಿ ಬರೆಯತಕ್ಕದ್ದು. ತಿಂಗಳ ಕೊನೆಗೆ ನೆನಪಿನಿಂದ ಬರೆದ ಲೆಕ್ಕದಲ್ಲಿ ಮಕ್ಕಳ ಪಾಲು ಸೋರಿಹೋಗುತ್ತದೆ.

ನಾಲ್ಕನೆಯದು, ಆರೋಗ್ಯ. ಒಬ್ಬನಿಗೆ ಕಜ್ಜಿಯಾದರೆ ಅವನೊಬ್ಬನಿಗೆ ಮುಲಾಮು ಹಚ್ಚಿ ಸುಮ್ಮನಾಗಬಾರದು. ವೈದ್ಯರನ್ನು ಕೇಳಿ, ಕೋಣೆಯವರೆಲ್ಲರಿಗೂ ಒಂದೇ ರಾತ್ರಿ ಹಚ್ಚಿ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಸಿ ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಅದು ಕೋಣೆಯನ್ನು ಸುತ್ತಿ ಮತ್ತೆ ಮೊದಲಿನವನಿಗೇ ಬರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಕುಡಿಯುವ ನೀರನ್ನು ಬಳಸುವ ನೀರಿನಿಂದ ಬೇರೆಯಾಗಿ ಮುಚ್ಚಿಡಬೇಕು. ಓಆರ್‌ಎಸ್ ಪೊಟ್ಟಣಗಳು ಯಾವಾಗಲೂ ಕೈಗೆ ಸಿಗುವಂತಿರಬೇಕು. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ಮಗುವಿನ ವಿಷಯವನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಅದು ಮಗುವಿನ ಹಟವಲ್ಲ. ಹೆಚ್ಚಿನ ಮಕ್ಕಳಿಗೆ ವಯಸ್ಸಾದಂತೆ ತಾನಾಗಿಯೇ ನಿಲ್ಲುತ್ತದೆ. ರಾತ್ರಿ ಹತ್ತಕ್ಕೆ ಒಮ್ಮೆ ಎಬ್ಬಿಸಿ ಕಳಿಸಬೇಕು; ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಬೇಕು; ಒದ್ದೆಯಾದ ಬಟ್ಟೆಯನ್ನು ಉಳಿದವರು ಏಳುವ ಮೊದಲೇ ತೆಗೆಯಬೇಕು. ಈ ಗುಟ್ಟನ್ನು ಕಾಯುವ ಮೇಲ್ವಿಚಾರಕನನ್ನು ಮಗು ಆಮೇಲೆ ಎಲ್ಲ ವಿಷಯಗಳಲ್ಲಿಯೂ ನಂಬುತ್ತದೆ.

ಐದನೆಯದು, ದೊಡ್ಡವರಿಂದ ಚಿಕ್ಕವರ ರಕ್ಷಣೆ. ನಾನು ಹುಡುಗನಾಗಿದ್ದ ಒಂದು ನಿಲಯದಲ್ಲಿ ಶಿಸ್ತಿನ ಹೊಣೆಯನ್ನು ಮೇಲಿನ ತರಗತಿಯವರಿಗೆ ಒಪ್ಪಿಸಿ ದೊಡ್ಡವರು ನಿಶ್ಚಿಂತರಾಗಿದ್ದರು. ನಾವು ಚಿಕ್ಕವರು ಅವರ ಬಟ್ಟೆ ಒಗೆದು, ನಮ್ಮ ಪಾಲಿನ ತತ್ತಿಯನ್ನು ಅವರಿಗೆ ಕೊಟ್ಟು, ಪೆಟ್ಟಿನಿಂದ ಪಾರಾಗುತ್ತಿದ್ದೆವು. ಆದುದರಿಂದ ನಮ್ಮಲ್ಲಿ ಏಳನೆಯ ತರಗತಿಯವನು ಮೂರನೆಯ ತರಗತಿಯವನಿಗೆ ಪಾಠ ಓದಿಸಬಹುದು, ಶಿಕ್ಷೆ ಕೊಡುವಂತಿಲ್ಲ. ಹೊರಗಿನವರ ವಿಷಯದಲ್ಲಿಯೂ ಬಿಗಿಯಾಗಿರಬೇಕು: ಮಗುವನ್ನು ಯಾರು ಕರೆದೊಯ್ಯಬಹುದೆಂಬ ಪಟ್ಟಿ ಭಾವಚಿತ್ರಸಹಿತ ಇರಬೇಕು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದೂ ವರದಿ ಮಾಡದಿರುವುದು ತಾನೇ ಒಂದು ಅಪರಾಧ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ನಿಲುಕುವ ಎತ್ತರದಲ್ಲಿ ಗೋಡೆಯ ಮೇಲೆ ಬರೆಯಿಸಬೇಕು.

ಆರನೆಯದು, ಓದುವ ಹೊತ್ತು. ಓದು ಬಲ್ಲವರ ಮನೆಯಲ್ಲಿ ಮಗುವಿನ ಪಾಟಿಯನ್ನು ನೋಡುವವರಿರುತ್ತಾರೆ. ನಮ್ಮಂಥವರ ಮನೆಯಲ್ಲಿ ಅವ್ವ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ, ಓದಲಾರಳು. ಅವಳು ಮಾಡಲಾರದ ಕೆಲಸವನ್ನು ಏಳರಿಂದ ಎಂಟೂವರೆಯವರೆಗೆ ನಿಲಯವು ಮಾಡಬೇಕು. ಪ್ರತಿಯೊಬ್ಬನೂ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು, ಒಬ್ಬರು ಕೂತು ಕೇಳಬೇಕು. ಕೇಳುವವರಿದ್ದಾರೆಂದು ತಿಳಿದರೆ ಮಗು ಓದುತ್ತದೆ.

ಕೊನೆಯದಾಗಿ, ನಿಲಯದ ಯೋಗ್ಯತೆಯನ್ನು ಅಳೆಯುವುದು ಹೇಗೆ? ಪರೀಕ್ಷೆಯ ಫಲಿತಾಂಶದಿಂದಲ್ಲ, ರಜೆಯ ನಂತರ ಮರಳಿ ಬಂದವರ ಸಂಖ್ಯೆಯಿಂದ. ದಸರೆಗೆ ಊರಿಗೆ ಹೋದವರಲ್ಲಿ ಎಷ್ಟು ಮಂದಿ ಬಂದರು? ಸಂಕ್ರಾಂತಿಯ ತರುವಾಯ ಎಷ್ಟು ಮಂದಿ ಉಳಿದರು? ಹಾಜರಿಯಲ್ಲಿ ಒಂದು ಹೆಸರು ಮೂರು ದಿನ ಕಾಣದಿದ್ದರೆ ನಾಲ್ಕನೆಯ ದಿನ ಫೋನು ಮಾಡಬೇಕು, ಐದನೆಯ ದಿನ ಊರಿಗೆ ಹೋಗಬೇಕು. ಈ ವರ್ಷ ನಮ್ಮಲ್ಲಿ ಇಬ್ಬರು ಮರಳಲಿಲ್ಲ. ಒಬ್ಬನು ಪುಣೆಯಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ತಂಗಿಯನ್ನು ಎತ್ತಿಕೊಂಡು ಕುಳಿತಿದ್ದನಂತೆ. ನಾಲ್ಕು ಸಲ ಫೋನಿನಲ್ಲಿ ಮಾತನಾಡಿದ ಮೇಲೆ ಅವನ ಸೋದರಮಾವ ವಾಡಿಯವರೆಗೆ ತಂದು ಬಿಟ್ಟರು. ಇನ್ನೊಬ್ಬನ ಮನೆಗೆ ನಾನೇ ಎರಡು ಸಲ ಹೋದೆ, ಬೀಗ ಹಾಕಿತ್ತು. ಅವನ ಹೆಸರನ್ನು ಹಾಜರಿಯಿಂದ ಇನ್ನೂ ತೆಗೆದಿಲ್ಲ, ಪ್ರತಿ ಸಂಜೆ ಕೂಗುತ್ತೇನೆ.

ನನ್ನ ಸಹಪಾಠಿಗಳಲ್ಲಿ ಅನೇಕರು ಪದವಿಯ ನಂತರ ನಿಲಯಪಾಲಕರ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದಾರೆ. ಸಂಬಳ, ಪಿಂಚಣಿಗಳ ವಿಚಾರ ಎಲ್ಲರೂ ಮಾತನಾಡುತ್ತೇವೆ, ತಪ್ಪಲ್ಲ. ಆದರೆ ಆ ಹುದ್ದೆಯ ಕೆಲಸ ಕಚೇರಿಯ ವೇಳೆ ಮುಗಿದ ಮೇಲೆ ಆರಂಭವಾಗುತ್ತದೆಂಬುದನ್ನು ತಿಳಿದು ಅರ್ಜಿ ಹಾಕಿರಿ. ರಾತ್ರಿ ನಿಲಯದಲ್ಲಿ ಮಲಗಲು ಮನಸ್ಸಿಲ್ಲದವರು ಬೇರೆ ಹುದ್ದೆಯನ್ನು ಹುಡುಕುವುದು ಒಳಿತು. ಮನಸ್ಸುಳ್ಳವರು ದಯಮಾಡಿ ಬನ್ನಿರಿ. ನಮ್ಮ ಸೀಮೆಯ ಮಕ್ಕಳಿಗೆ ನಿಮ್ಮಂಥವರು ಬೇಕಾಗಿದ್ದಾರೆ.