ಹಗಲಿರುಳು ಬಿ.ಪಿ.ಯ ಬೆನ್ನು ಹತ್ತಿ

'ನನಗೆ ಬಿ.ಪಿ. ಇದೆ' ಎಂದು ಯಾರಾದರೂ ಹೇಳಿದರೆ 'ಅಯ್ಯೋ ಪಾಪ' ಎನ್ನುತ್ತೇವೆ. ಬಿ.ಪಿ. ಇಲ್ಲದವರು ಯಾರು ಸ್ವಾಮಿ? ರಕ್ತಕ್ಕೆ ಒತ್ತಡವೇ ಇಲ್ಲದಿದ್ದರೆ ಮನುಷ್ಯ ಎದ್ದು ನಿಲ್ಲುವುದು ಹೇಗೆ? ಆದರೂ ನಮ್ಮ ಆಡುಮಾತಿನಲ್ಲಿ ಬಿ.ಪಿ. ಎಂದರೆ ಕಾಯಿಲೆ ಎಂದೇ ಅರ್ಥ. ಅದನ್ನು ಅಳೆಯುವ ಬಗ್ಗೆಯೂ ನಮ್ಮ ತಿಳಿವಳಿಕೆ ಇಷ್ಟೇ ಸರಳ. ಡಾಕ್ಟರ ಮುಂದೆ ಕುಳಿತು ತೋಳು ಚಾಚಿದರೆ ಒಂದು ಅಂಕಿ ಸಿಗುತ್ತದೆ. ಅದೇ ನಮ್ಮ ಬಿ.ಪಿ. ಎಂದುಕೊಂಡು ಚೀಟಿಯನ್ನು ಜೇಬಿಗಿಟ್ಟು ಬರುತ್ತೇವೆ.

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಒತ್ತಡ ಒಂದೇ ಮಟ್ಟದಲ್ಲಿ ನಿಲ್ಲುವುದೇ ಇಲ್ಲ. ಮೆಟ್ಟಿಲು ಹತ್ತಿದರೆ ಏರುತ್ತದೆ, ಊಟ ಮಾಡಿ ಒರಗಿದರೆ ಇಳಿಯುತ್ತದೆ, ಸುಮ್ಮನೆ ಮಾತನಾಡಿದರೂ ಏರುತ್ತದೆ. ಈ ಲಕ್ಷದಲ್ಲಿ ಒಂದೆರಡನ್ನು, ಅದೂ ಅಳುಕಿನಿಂದ ಕುಳಿತ ಗಳಿಗೆಯಲ್ಲಿ ಹಿಡಿದು ನೋಡಿ, ಜೀವನವಿಡೀ ಮಾತ್ರೆ ನುಂಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹೇಗೆ?

ಐವತ್ತೆರಡು ದಾಟಿದ ನನಗೆ ಎರಡು ಭೇಟಿಗಳಲ್ಲಿ 148/92 ಮತ್ತು 150/94 ಬಂದಾಗ ನಮ್ಮ ಡಾಕ್ಟರು ಮಾತ್ರೆ ಬರೆಯಲಿಲ್ಲ. ಅಂಗೈಯಗಲದ ಡಬ್ಬಿಯೊಂದನ್ನು ತೆಗೆದು, 'ನಾಳೆ ರಜೆ ಹಾಕಬೇಡಿ. ಎಂದಿನ ಹಾಗೆ ಆಫೀಸಿಗೆ ಹೋಗಿ. ಇದೂ ನಿಮ್ಮ ಜೊತೆ ಬರಲಿ' ಎಂದರು. ಆಂಬ್ಯುಲೇಟರಿ ಬ್ಲಡ್ ಪ್ರೆಶರ್ ಮಾನಿಟರ್ ಎಂಬುದು ಅದರ ಉದ್ದನೆಯ ಹೆಸರು. ಓಡಾಡುವವರ ಬಿ.ಪಿ. ಅಳೆಯುವ ಯಂತ್ರ ಎಂದರೆ ಸಾಕು. ಎಡತೋಳಿಗೆ ಪಟ್ಟಿ, ಅಲ್ಲಿಂದ ಕುತ್ತಿಗೆಯ ಹಿಂದೆ ಬಳಸಿ ಬರುವ ಕೊಳವೆ, ಸೊಂಟದ ಬೆಲ್ಟಿಗೆ ಡಬ್ಬಿ. ಹಗಲು 20 ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ತಾನೇ ಗಾಳಿ ತುಂಬಿಕೊಂಡು ತೋಳನ್ನು ಹಿಂಡುತ್ತದೆ, ಮೆಲ್ಲಗೆ ಗಾಳಿ ಬಿಡುತ್ತದೆ. ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿದರೆ, ಇದು ಪಟ್ಟಿಯೊಳಗಿನ ಗಾಳಿಯಲ್ಲಿ ನಾಡಿ ಎಬ್ಬಿಸುವ ಕಂಪನವನ್ನು ಹಿಡಿದು ಲೆಕ್ಕ ಹಾಕುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ತೋಳು ಅಲುಗಬಾರದು, ಮಾತೂ ಆಡಬಾರದು. ಸ್ನಾನವಿಲ್ಲ. ಎಷ್ಟು ಗಂಟೆಗೆ ಏನು ಮಾಡುತ್ತಿದ್ದೆ, ಯಾವಾಗ ಮಲಗಿದೆ, ಯಾವಾಗ ಎದ್ದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಅಂಕಿ ಮಾತ್ರ ನಮಗೆ ಕಾಣಿಸುವುದಿಲ್ಲ. ಕಂಡರೆ ಆ ಗಾಬರಿಗೇ ಬಿ.ಪಿ. ಏರೀತೆಂದು ಮೊದಲೇ ಮರೆಮಾಡಿರುತ್ತಾರೆ!

ಬಿಳಿ ಕೋಟಿನ ಮಹಿಮೆ

ಡಾಕ್ಟರನ್ನು ಕಂಡರೆ ಬಿ.ಪಿ. ಏರುತ್ತದೆ ಎಂಬುದು ಬರೀ ತಮಾಷೆಯಲ್ಲ. ಇಟಲಿಯ ಜುಸೆಪ್ಪೆ ಮಾನ್ಚಿಯಾ ಮತ್ತು ಸಂಗಡಿಗರು ರೋಗಿಗಳ ರಕ್ತನಾಳದೊಳಗಿನ ಒತ್ತಡವನ್ನು ಎಡೆಬಿಡದೆ ದಾಖಲಿಸುತ್ತ ಇದನ್ನು ಪರೀಕ್ಷಿಸಿದರು. ಬಿ.ಪಿ. ನೋಡಲು ಡಾಕ್ಟರು ಹಾಸಿಗೆಯ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಮೇಲಿನ ಅಂಕಿ ಸರಾಸರಿ 27, ಕೆಳಗಿನದು 15ರಷ್ಟು ಏರಿತ್ತು. ಅವರ ವರದಿ ಪ್ರಕಟವಾದದ್ದು 1983ರಲ್ಲಿ.

ಇದಕ್ಕೆ ತದ್ವಿರುದ್ಧದವರೂ ಇದ್ದಾರೆ. ಡಾಕ್ಟರ ಮುಂದೆ 130/80, ಎಲ್ಲ ಸರಿಯಿದೆ. ಆಚೆ ಬಂದು ದುಡಿಮೆಗೆ ಇಳಿದರೆ ಒತ್ತಡ ಮೇಲೆ. ಮರೆಯಲ್ಲಿರುವ ಈ ರಕ್ತದೊತ್ತಡವೇ ಹೆಚ್ಚು ಅಪಾಯದ್ದು, ಏಕೆಂದರೆ ಅದು ಇದೆಯೆಂದು ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮ ದೇಶದ 15 ರಾಜ್ಯಗಳಲ್ಲಿ 18,918 ಜನರ ಮೇಲೆ ನಡೆದ ಇಂಡಿಯಾ ಹಾರ್ಟ್ ಸ್ಟಡಿಯಲ್ಲಿ, ಮನೆಯಲ್ಲಿ ಅಳೆದದ್ದನ್ನೂ ಡಾಕ್ಟರ ಬಳಿ ಅಳೆದದ್ದನ್ನೂ ಹೋಲಿಸಿದಾಗ, ನೂರಕ್ಕೆ 42 ಮಂದಿ ಈ ಎರಡರಲ್ಲಿ ಒಂದು ಗುಂಪಿಗೆ ಸೇರಿದ್ದರು.

ಯಂತ್ರವನ್ನು ಹೊತ್ತು ತಿರುಗುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರಿಸ್ ಸೊಕೊಲೊವ್ ಎಂಬ ವೈದ್ಯರು 1960ರ ದಶಕದಲ್ಲೇ ರೋಗಿಗಳ ಕೈಗೆ ಇಂಥದ್ದನ್ನು ಕೊಟ್ಟು ಕಳುಹಿಸಿದ್ದರು. ರೋಗಿಯೇ ಗಾಳಿ ಒತ್ತಬೇಕು, ನಾಡಿಯ ಸದ್ದು ಟೇಪಿನಲ್ಲಿ ಮುದ್ರಣವಾಗುತ್ತದೆ. ಆಸ್ಪತ್ರೆಯ ಅಂಕಿಗಿಂತ ಈ ಟೇಪಿನ ಅಂಕಿಯೇ ಹೃದಯ ಮತ್ತಿತರ ಅಂಗಗಳಿಗೆ ಆಗಿದ್ದ ಹಾನಿಯೊಂದಿಗೆ ಚೆನ್ನಾಗಿ ತಾಳೆಯಾಗುತ್ತದೆಂದು 1966ರಲ್ಲಿ ಅವರ ತಂಡ ಬರೆಯಿತು. ಆದರೆ ಮಲಗಿದವನು ಗಾಳಿ ಒತ್ತುವುದೆಂತು? ರಾತ್ರಿಯ ಲೆಕ್ಕ ಕತ್ತಲಲ್ಲೇ ಉಳಿಯಿತು. ತಾನೇ ಗಾಳಿ ತುಂಬಿಕೊಳ್ಳುವ ಯಂತ್ರಗಳು ಬಂದ ಮೇಲೆ ಯಾರ ತೋಳಿಗೂ ಸೂಜಿ ಚುಚ್ಚದೆ ಇರುಳನ್ನೂ ಅಳೆಯುವುದು ಸುಲಭವಾಯಿತು.

ಡಬ್ಬಿಯೊಂದಿಗೆ ಒಂದು ದಿನ

ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಕಟ್ಟಿಸಿಕೊಂಡು ಹೊರಟವನಿಗೆ ಮೆಟ್ರೋ ನಿಲ್ದಾಣದಲ್ಲೇ ಮೊದಲ ಪರೀಕ್ಷೆ. ತಪಾಸಣೆಯ ಕೋಲು 'ಪೀಂ' ಎಂದಿತು. ಅಂಗಿಯೊಳಗೆ ಕೊಳವೆ, ಸೊಂಟದಲ್ಲಿ ಡಬ್ಬಿ! ಡಾಕ್ಟರ ಚೀಟಿ ತೋರಿಸುವಷ್ಟರಲ್ಲಿ ಡಬ್ಬಿ ಗುರ್ರ್ ಎಂದು ಗಾಳಿ ತುಂಬತೊಡಗಿತು. ಪಟ್ಟಿ ಸಡಿಲವಾಗುವ ತನಕ ನಾನೂ ಕಾವಲಿನವರೂ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. 'ಬಿ.ಪಿ.ನಾ ಸಾರ್? ನಮ್ಮ ತಾಯಿಗೂ ಇದೆ, ಹೋಗಿ' ಎಂದರು.

ಆಫೀಸಿನಲ್ಲಿ ಅರ್ಧ ಗಂಟೆಯಲ್ಲಿ ಸುದ್ದಿ ಹರಡಿತು. ಸಾಮಾನ್ಯವಾಗಿ ದನಿ ಏರಿಸುವ ನಮ್ಮ ಅಧಿಕಾರಿ ಅಂದು ಮಾತ್ರ ಬಹಳ ಮೆತ್ತಗೆ ಮಾತನಾಡಿದರು. ತಮ್ಮ ಹೆಸರು ಆ ಹಾಳೆಯಲ್ಲಿ ದಾಖಲಾದೀತು ಎಂಬ ಅನುಮಾನವಿರಬೇಕು. ಸಂಜೆ ಊರಿನಿಂದ ತಮ್ಮನ ಫೋನು. ತೋಟದ ಪಾಲಿನ ಹಳೆಯ ವ್ಯಾಜ್ಯ. ಅವನು ಬಿರುಸಾಗಿ ಏನೋ ಕೇಳಿದ ಗಳಿಗೆಗೇ ಪಟ್ಟಿ ಬಿಗಿಯಿತು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಮೌನವನ್ನು ಅವನು ಏನೆಂದು ತಿಳಿದನೋ, 'ಇರಲಿ ಬಿಡಣ್ಣ, ಹಬ್ಬಕ್ಕೆ ಬಂದಾಗ ಕೂತು ಮಾತಾಡೋಣ' ಎಂದು ಫೋನಿಟ್ಟ.

ರಾತ್ರಿ ಇದಾವುದೂ ತಮಾಷೆಯಾಗಿರಲಿಲ್ಲ. ಮಗ್ಗುಲು ಬದಲಿಸಿದರೆ ಕೊಳವೆ ಎಳೆಯುತ್ತದೆ, ನಿದ್ದೆ ಹತ್ತಿತು ಎನ್ನುವಾಗ ತೋಳು ಬಿಗಿಯುತ್ತದೆ. 'ಎಳೆಮಗು ಇದ್ದ ಮನೆಯ ಹಾಗಾಯಿತು' ಎಂದು ನನ್ನಾಕೆ ದಿಂಬು ಹಿಡಿದು ಪಕ್ಕದ ಕೋಣೆಗೆ ಹೋದಳು.

ಮಲಗಿದರೂ ಇಳಿಯದ ಒತ್ತಡ

ಮರುದಿನ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿದಾಗ ಪರದೆಯ ಮೇಲೆ ನನ್ನ ದಿನವೇ ಬೆಟ್ಟಗುಡ್ಡದ ಗೆರೆಯಾಗಿ ಮೂಡಿತು. ಮೆಟ್ರೋ ನಿಲ್ದಾಣ 146/90, ತಮ್ಮನ ಫೋನು 158/96, ಊಟದ ನಂತರ 118/72. ಆದರೆ ಡಾಕ್ಟರು ಏಕಾಂಗಿ ಶಿಖರಗಳತ್ತ ಕಣ್ಣೂ ಹಾಯಿಸಲಿಲ್ಲ. ಅವರಿಗೆ ಬೇಕಾದದ್ದು ಸರಾಸರಿ. ಲೆಕ್ಕ ನಂಬಬೇಕಾದರೆ ಹಗಲು ಕನಿಷ್ಠ 20, ರಾತ್ರಿ ಕನಿಷ್ಠ 7 ಸರಿಯಾದ ಅಳತೆಗಳಿರಬೇಕಂತೆ.

ಹಗಲಿನ ಸರಾಸರಿ 130/81. ಯುರೋಪಿನ ವೈದ್ಯರು ಒಪ್ಪಿದ ಹಗಲಿನ ಗಡಿ 135/85. ಅಂದರೆ ಹಗಲು ಪಾಸು! ಬಿಳಿ ಕೋಟಿನದೇ ಕಿತಾಪತಿ ಎಂದು ನಾನು ಎದ್ದು ನಿಲ್ಲುವಷ್ಟರಲ್ಲಿ ಡಾಕ್ಟರು ಗೆರೆಯ ಇನ್ನೊಂದು ತುದಿಗೆ ಬೆರಳಿಟ್ಟರು. ರಾತ್ರಿಯ ಸರಾಸರಿ 124/74. ರಾತ್ರಿಗೆ ಗಡಿ 120/70.

ನಿದ್ದೆಯಲ್ಲಿ ನರಗಳ ಬಿಗಿ ಸಡಿಲವಾಗಿ ಒತ್ತಡ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಇಳಿಯಬೇಕು. ನನ್ನದು ಐದೂ ಇಳಿದಿರಲಿಲ್ಲ. ಹೀಗೆ ಇಳಿಯದವರಲ್ಲಿ ಪಾರ್ಶ್ವವಾಯು ಹೆಚ್ಚೆಂದು ಐರ್ಲೆಂಡಿನ ಓಯೆನ್ ಒಬ್ರಯನ್ ಮತ್ತು ಸಂಗಡಿಗರು 1988ರಲ್ಲೇ ಗುರುತಿಸಿದ್ದರು. ಸ್ಪೇನಿನ 59,124 ರೋಗಿಗಳ ದಾಖಲೆ ಆಧರಿಸಿ 2023ರಲ್ಲಿ ಬಂದ ವರದಿಯಲ್ಲೂ, ಸಾವಿನ ಅಪಾಯವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಇರುಳಿನ ಅಂಕಿಯೇ. ಬ್ರಿಟನ್ನಿನಲ್ಲಿ 2011ರಿಂದ, ಆಸ್ಪತ್ರೆಯಲ್ಲಿ ಅಂಕಿ ಹೆಚ್ಚು ಬಂದರೆ ಈ ಡಬ್ಬಿ ಕಟ್ಟಿ ಖಚಿತಪಡಿಸಿಕೊಳ್ಳಿ ಎಂದು ವೈದ್ಯರಿಗೆ ಸಲಹೆ ಇದೆ. ನಮ್ಮಲ್ಲಿ ಇನ್ನೂ ದೊಡ್ಡ ಊರುಗಳ ಆಚೆ ಈ ಡಬ್ಬಿಯನ್ನು ಕಂಡವರೇ ಕಡಿಮೆ ಎನ್ನಬೇಕು.

ಯಂತ್ರದ ಕಾಟಕ್ಕೇ ನಿದ್ದೆ ಕೆಟ್ಟು ಅಂಕಿ ಏರಿರಬಾರದೇಕೆ ಎಂದು ಕೇಳಿದೆ. 'ಇರಬಹುದು' ಎಂದವರೇ, ನನ್ನನ್ನು ಬಿಟ್ಟು ನನ್ನಾಕೆಯತ್ತ ತಿರುಗಿದರು. 'ಇವರು ಗೊರಕೆ ಹೊಡೀತಾರಾ ಅಮ್ಮಾ?'

'ಗೊರಕೆ ಅಭ್ಯಾಸವಾಗಿದೆ ಡಾಕ್ಟ್ರೇ. ನಡುನಡುವೆ ಅದು ನಿಂತುಹೋಗುತ್ತಲ್ಲ, ಆಗಲೇ ನನಗೆ ಎಚ್ಚರ ಆಗೋದು. ಮತ್ತೆ ಉಸಿರು ಬರೋವರೆಗೂ ಕಾಯ್ತಾ ಇರ್ತೀನಿ' ಎಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಕಾಯುವ ಸಂಗತಿ ನನಗೆ ಗೊತ್ತಾದದ್ದು ಅಂದೇ.

ಡಾಕ್ಟರು ಪೆನ್ನು ತೆಗೆದುಕೊಂಡರು. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ಕಟ್ಟಿದಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆ, ದೇಹ ಗಾಬರಿಗೊಳ್ಳುತ್ತದೆ, ಒತ್ತಡ ಮೇಲೇರುತ್ತದೆ. ರಾತ್ರಿಯ ಗೆರೆ ಇಳಿಯದಿರಲು ಅದೂ ಕಾರಣವಾಗಬಲ್ಲದು ಎಂದು ವಿವರಿಸುತ್ತಲೇ ನಿದ್ರೆಯ ಪರೀಕ್ಷೆಗೆ ಬರೆದರು. ಉಪ್ಪು ಹೆಚ್ಚಾದರೂ ರಾತ್ರಿಯ ಒತ್ತಡ ಇಳಿಯದೆಂದು ಉಪ್ಪಿನಕಾಯಿ, ಹಪ್ಪಳಗಳಿಗೆ ಕತ್ತರಿ ಬಿತ್ತು. ಮಾತ್ರೆಯ ವಿಚಾರ ಆಮೇಲೆ. ಮೂರು ತಿಂಗಳ ನಂತರ ಇನ್ನೊಮ್ಮೆ ಡಬ್ಬಿ ಕಟ್ಟಿಕೊಳ್ಳಬೇಕು. ಆ ರಾತ್ರಿ ತಾನು ಪಕ್ಕದ ಕೋಣೆಗೆ ಹೋಗುವುದಿಲ್ಲವೆಂದು ನನ್ನಾಕೆ ಈಗಲೇ ಹೇಳಿದ್ದಾಳೆ.